ಜೋಡಕ್ಕನ ಎರಡನೇ ದಿನ

ಐಸ್ ಡಾನ್ಸ್ ಕಲಿಯಬೇಕೆಂದು ಜೋಡಕ್ಕ ಯಾರನ್ನೂ ಕೇಳಿದವಳಲ್ಲ. ಅವಳನ್ನು ಯಾರೂ ಕರೆಯಲೂ ಇಲ್ಲ. ಕರೆದದ್ದು ಅವಳ ಅಣ್ಣನನ್ನು.

ಅವರಮ್ಮ ಬಟ್ಟೆ ರಿಪೇರಿ ಮಾಡುವ ಟೈಲರ್. ಅಂಗಡಿ ಇದ್ದದ್ದು ಐಸ್ ರಿಂಕಿನ, ಅಂದರೆ ಅಲಗಿನ ಬೂಟು ಹಾಕಿ ಜಾರುವ ಮಂಜುಗಡ್ಡೆಯ ಅಂಗಳದ, ಹಿಂಬಾಗಿಲಿನ ಎದುರಿಗೆ. ಎರಡು ಹೊಲಿಗೆ ಮೆಷಿನ್ನು, ಆಳೆತ್ತರದ ಒಂದು ಕನ್ನಡಿ, ಪರದೆ ಎಳೆದರೆ ಬಟ್ಟೆ ಹಾಕಿ ನೋಡುವ ಮೂಲೆ, ಅಷ್ಟೇ ಅಂಗಡಿ. ಶಾಲೆ ಬಿಟ್ಟ ಮೇಲೆ ಮಕ್ಕಳಿಬ್ಬರೂ ಇಸ್ತ್ರಿ ಮೇಜಿನ ಕೆಳಗೆ ಕುಳಿತು ಹೋಂವರ್ಕ್ ಮಾಡಬೇಕಿತ್ತು. ತಂಗಿ ಮಾಡುತ್ತಿದ್ದಳು. ಅಣ್ಣನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಂದು ಸಂಜೆ ಗುಂಡಿಗಳ ಡಬ್ಬಿ ಉರುಳಿಸಿ, ಆ ಗುಂಡಿಗಳ ಮೇಲೆಯೇ ಜಾರುತ್ತ ಬಾಗಿಲ ತನಕ ಹೋದ. ಜಾಕೆಟ್ಟಿಗೆ ಜಿಪ್ ಹಾಕಿಸಲು ಬಂದಿದ್ದ ಒಬ್ಬ ದೊಡ್ಡ ಗಾತ್ರದ ಹೆಂಗಸು ಅವನನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು. ರಿಂಕಿನಲ್ಲಿ ಐಸ್ ಡಾನ್ಸ್ ಕಲಿಸುತ್ತಿದ್ದವರು. ಎಲ್ಲರ ಬಾಯಲ್ಲೂ ಕೋಚಮ್ಮ.

"ಇವನು ನಿಮ್ಮ ಮಗನಾ?" ಎಂದರು ಕೋಚಮ್ಮ.

"ಏನು ಮುರಿದ?" ಅಮ್ಮ ಮೆಷಿನ್ನಿನಿಂದ ತಲೆ ಎತ್ತದೆ ಕೇಳಿದಳು.

"ಏನೂ ಮುರಿದಿಲ್ಲಮ್ಮ. ಬಿದ್ದೂ ಇಲ್ಲ ನೋಡಿ! ನನ್ನ ಹತ್ರ ಹಿಂಡು ಹಿಂಡು ಹುಡುಗೀರಿದಾರೆ, ಜೊತೆಗೆ ಕುಣಿಯೋಕೆ ಒಬ್ಬ ಹುಡುಗ ಇಲ್ಲ. ಇವನ್ನ ನನಗೆ ಕೊಟ್ಬಿಡಿ."

"ಈಗಲೇ ಕರ್ಕೊಂಡು ಹೋಗಿ," ಎಂದಳು ಅಮ್ಮ.

ಹುಡುಗಿಯರ ಹಿಂಡಿನ ಮಾತು ಕೇಳಿ ಅಣ್ಣನ ಮುಖ ಬಿಳಿಚಿತು. ತಂಗಿ ಬಂದರೆ ಮಾತ್ರ ಬರುತ್ತೇನೆ ಎಂದು ಹಟ ಹಿಡಿದ. ಕೋಚಮ್ಮ ಮೇಜಿನ ಕೆಳಗೆ ಬಗ್ಗಿ ನೋಡಿದರು. ಎರಡು ಜಡೆಯ ಒಂದು ಸಿಂಬಳಬುರುಕಿ ಮಗ್ಗಿ ಬರೆಯುತ್ತ ಕುಳಿತಿತ್ತು. "ಸರಿ ಬಿಡಿ, ಕೊಸರಿಗೆ ಇದೂ ಬರಲಿ," ಎಂದರು. ಹೀಗೆ ಜೋಡಕ್ಕ ಐಸಿಗೆ ಇಳಿದದ್ದು ಕೊಸರಾಗಿ. ಆಗ ಅವಳಿಗೆ ಎಂಟು ವರ್ಷ, ಅಣ್ಣನಿಗೆ ಹತ್ತು.

ಐಸ್ ಮೇಲೆ ಜೋಡಿಯಾಗಿ ಆಡುವ ಆಟಗಳಲ್ಲಿ ಇನ್ನೊಂದು ಬಗೆಯಿದೆ. ಅದರಲ್ಲಿ ಹುಡುಗಿಯನ್ನು ತಲೆಯ ಮೇಲಕ್ಕೆ ಎತ್ತುತ್ತಾರೆ, ಗಾಳಿಗೆ ಎಸೆಯುತ್ತಾರೆ, ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಐಸ್ ಡಾನ್ಸಿನಲ್ಲಿ ಎತ್ತುವುದೆಲ್ಲ ಭುಜದ ಮಟ್ಟದೊಳಗೆ, ಎಸೆಯುವಂತಿಲ್ಲ. ಇಬ್ಬರೂ ಹೆಚ್ಚು ಹೊತ್ತು ದೂರ ಇರುವಂತೆಯೂ ಇಲ್ಲ. ಅಲ್ಲಿ ನೋಡುವುದು ಕಾಲನ್ನು. ಬೂಟಿನ ಅಲಗಿನ ಒಳ ಅಂಚು, ಹೊರ ಅಂಚು, ಒಬ್ಬರ ಮೊಣಕಾಲು ಬಗ್ಗಿದಾಗ ಇನ್ನೊಬ್ಬರದೂ ಅಷ್ಟೇ ಬಗ್ಗಿತೇ ಎಂಬುದನ್ನು. ಗಂಡಿನ ಹೆಜ್ಜೆ ಬೇರೆ, ಹೆಣ್ಣಿನ ಹೆಜ್ಜೆ ಬೇರೆ. ಅವನು ಮುಂದಕ್ಕೆ ಹೋಗುವಾಗ ಅವಳು ಹಿಂದಕ್ಕೆ ಹೋಗಬೇಕು. ಅವನು ದಾರಿ ತೋರಿಸಬೇಕು, ಅವಳು ಅವನ ಅಂಗೈ ಹೇಳುವುದನ್ನು ಬೆನ್ನಿನಲ್ಲಿ ಕೇಳಿಸಿಕೊಳ್ಳಬೇಕು. ಬೇರೆ ಆಟ ನೋಡಿ ಬಂದವರಿಗೆ ಇದು ಸಪ್ಪೆ. ಒಮ್ಮೆ ರುಚಿ ಹತ್ತಿದವರಿಗೆ ಬೇರೆಲ್ಲ ಸಪ್ಪೆ.

ಅಣ್ಣ ತಂಗಿಯರ ಜೋಡಿಗೆ ಒಂದು ತೊಡಕಿತ್ತು. ಐಸ್ ಡಾನ್ಸಿನ ಹಾಡುಗಳೆಲ್ಲ ಪ್ರೇಮದವು. ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ಕರಗಿಹೋಗಬೇಕು. ಇವರು ಕಣ್ಣಲ್ಲಿ ಕಣ್ಣಿಟ್ಟರೆ ಇಬ್ಬರಿಗೂ ನಗು ಬರುತ್ತಿತ್ತು, ಇಲ್ಲವೇ ಸಿಟ್ಟು. ಕೊನೆಗೆ ಕೋಚಮ್ಮ ಉಪಾಯ ಹೂಡಿದರು. ರೈಲು ತಪ್ಪಿಸಿಕೊಂಡ ಇಬ್ಬರು ಪ್ರಯಾಣಿಕರು, ಒಂದೇ ಕೊಡೆಗೆ ಕಿತ್ತಾಡುವ ನೆರೆಯವರು, ಇಂಥವನ್ನೇ ಹುಡುಕಿ ಕುಣಿಸಿದರು. ತೀರ್ಪುಗಾರರಿಗೆ ಹೊಸದೆನಿಸಿತು. ಐಸ್ ಮೇಲೆ ಇಬ್ಬರೂ ಹಲ್ಲು ಬಿಟ್ಟು ನಗುತ್ತಲೇ ಇರುತ್ತಿದ್ದರು. ಆ ಹಲ್ಲಿನ ಸಂದಿಯಲ್ಲಿ ನಡೆಯುತ್ತಿದ್ದ ಮಾತು ಜನಕ್ಕೆ ಕೇಳಿಸುತ್ತಿರಲಿಲ್ಲ.

"ಕೈ ಬಿಗಿ ಹಿಡಿಯೇ, ಹಾವು ಹಿಡಿದಂಗೆ ಹಿಡಿದಿದೀಯ."

"ನಿನ್ನ ಕೈ ಬೆವರು ಕಣೋ, ಥೂ."

"ಬೀಳಿಸ್ತೀನಿ ನೋಡು."

"ಬೀಳಿಸು, ಅಮ್ಮಂಗೆ ಹೇಳ್ತೀನಿ."

ಹೀಗೆ ಹೇಳಿಕೊಳ್ಳುತ್ತಲೇ ಹದಿನೆಂಟನೇ ವಯಸ್ಸಿಗೆ ಅವಳು ದೇಶದ ದೊಡ್ಡ ಸ್ಪರ್ಧೆಯ ಬಾಗಿಲಿಗೆ ಬಂದಳು. ಅದು ಎರಡು ದಿನದ ಸ್ಪರ್ಧೆ. ಮೊದಲ ದಿನ ಎಲ್ಲ ಜೋಡಿಗಳೂ ಗೊತ್ತುಪಡಿಸಿದ ಒಂದೇ ಕುಣಿತವನ್ನು, ಅವೇ ಹೆಜ್ಜೆಗಳನ್ನು ಕುಣಿಯಬೇಕು. ಅದರಲ್ಲಿ ಮೊದಲ ಹತ್ತು ಜೋಡಿಗಳಿಗೆ ಮಾತ್ರ ಎರಡನೇ ದಿನ. ಎರಡನೇ ದಿನದ್ದು ಅವರವರ ಸ್ವಂತ ಕುಣಿತ. ಹಾಡು ಅವರದೇ, ಹೆಜ್ಜೆ ಅವರದೇ, ಬಟ್ಟೆ ಅವರದೇ. ಅಮ್ಮ ಎರಡು ತಿಂಗಳು ಕೂತು ಆ ದಿನಕ್ಕೆಂದು ಬೂದುಬಣ್ಣದ ಒಂದು ಲಂಗ ಹೊಲಿದಿದ್ದಳು.

ಲಂಗ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಮೊದಲ ದಿನ ಅವರು ಹನ್ನೆರಡನೆಯವರಾದರು.

ಬರುವ ವರ್ಷ ನೋಡೋಣ ಎಂದು ಅವಳು ಬಸ್ಸಿನಲ್ಲಿ ಹೇಳಿದಳು. ಅಣ್ಣ ಕಿಟಕಿಯ ಕಡೆ ತಿರುಗಿ, "ಬರೋ ವರ್ಷ ನಾನಿಲ್ಲ," ಎಂದ. ಅವನಿಗೆ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಹೇಳಲು ಧೈರ್ಯವಾಗದೆ ಸ್ಪರ್ಧೆ ಮುಗಿಯಲೆಂದು ಕಾದಿದ್ದ.

"ಹತ್ತು ವರ್ಷ ನಿನ್ನನ್ನ ಎತ್ತಿ ಎತ್ತಿ ಸಾಕಾಗಿದೆ ಕಣೇ. ಇನ್ಮೇಲೆ ಊರನ್ನ ಎತ್ತೋಣ ಅಂತ," ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಒಂದು ತಿಂಗಳು ಅವನ ಜೊತೆ ಮಾತೂ ಆಡಲಿಲ್ಲ. ಒಂದೇ ಮೇಜಿನಲ್ಲಿ ಊಟಕ್ಕೆ ಕುಳಿತು, "ಅಮ್ಮ, ಉಪ್ಪು ಕೊಡೋಕೆ ಹೇಳು," ಎನ್ನುತ್ತಿದ್ದಳು.

ಅಲ್ಲಿಂದ ಜೋಡಿ ಹುಡುಕುವ ಕೆಲಸ ಶುರುವಾಯಿತು. ಮದುವೆಗೆ ಗಂಡು ಹುಡುಕುವುದು ಇದರ ಮುಂದೆ ಏನೇನೂ ಅಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಮದುವೆಗಾದರೆ ಎತ್ತರ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಒಬ್ಬ ಬಂದ, ಅವಳ ಕಿವಿಯ ತನಕ ಇದ್ದ. ಇನ್ನೊಬ್ಬ ಬಂದ, ಎಲ್ಲ ಸರಿಯಿತ್ತು, ತಿರುಗಿದರೆ ಮಾತ್ರ ಅವನಿಗೆ ತಲೆಸುತ್ತು. ಮತ್ತೊಬ್ಬನನ್ನು ಅವನ ತಾಯಿ ಕರೆತಂದು ಅಂಚಿನ ಕಟ್ಟೆಯ ಪಕ್ಕ ನಿಂತು, "ನಮ್ಮ ಹುಡುಗನ ಕೈ ಜಗ್ಗಬೇಡಮ್ಮ," ಎಂದಳು. ಹುಡುಗರು ಬೆರಳೆಣಿಕೆಯಷ್ಟು, ಹುಡುಗಿಯರು ಲೆಕ್ಕವಿಲ್ಲದಷ್ಟು. ಕೈಕಾಲು ನೆಟ್ಟಗಿರುವವರೆಲ್ಲ ಆಗಲೇ ಯಾರದೋ ಪಾಲಾಗಿದ್ದರು.

ರಿಂಕಿನಲ್ಲಿ ಜೋಡಿಯಿಲ್ಲದವರು ಅವಳೊಬ್ಬಳೇ ಅಲ್ಲ. ಹೆಣ್ಣುಮಕ್ಕಳು ಮಟ್ಟದಿಂದ ಮಟ್ಟಕ್ಕೆ ಏರಲು ಪರೀಕ್ಷೆ ಕೊಡಬೇಕು, ಪರೀಕ್ಷೆಯಲ್ಲಿ ಯಾರಾದರೂ ಗಂಡಿನ ಹೆಜ್ಜೆ ಹಾಕಿ ಜೊತೆಗೆ ಕುಣಿಯಬೇಕು. ಇಷ್ಟು ವರ್ಷ ಕೋಚಮ್ಮನೇ ಆ ಕೆಲಸ ಮಾಡುತ್ತಿದ್ದರು, ಈಗ ಅವರ ಸೊಂಟ ಕೇಳುತ್ತಿರಲಿಲ್ಲ. "ಸುಮ್ನೆ ಕೂತು ಗೋಡೆ ನೋಡೋ ಬದಲು ಗಂಡಿನ ಹೆಜ್ಜೆ ಕಲಿ," ಎಂದರು. ಕಲಿತಳು. ಇನ್ನೊಬ್ಬರ ಬೆನ್ನಿಗೆ ಅಂಗೈ ಇಟ್ಟು, ಹೆದರಿದವರ ಭಾರವನ್ನು ತನ್ನ ಮೇಲೆ ತಂದುಕೊಂಡು, ಮೂಲೆಯಲ್ಲಿ ತಿರುಗುವ ಮೊದಲು ಒಂದು ಎಳೆಯಷ್ಟು ಒತ್ತಿ ಹೇಳುವುದನ್ನು ಕಲಿತಳು. ಅವಳ ಜೊತೆ ಕುಣಿದವರು ಬೀಳುತ್ತಿರಲಿಲ್ಲ. ಜೋಡಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ಹತ್ತು ವರ್ಷದ ಹುಡುಗಿಯರೂ ಜೋಡಕ್ಕ ಎನ್ನುತ್ತಿದ್ದರು, ಅವಳಿಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದ ಔಷಧಿ ಅಂಗಡಿಯ ಮೇಡಂ ಕೂಡ ಜೋಡಕ್ಕ ಎನ್ನುತ್ತಿದ್ದರು.

ಅವಳಿಗೆ ಈ ಕೆಲಸ ಇಷ್ಟವಾಗಿತ್ತು. ಆದರೂ ಪ್ರತಿ ವರ್ಷ ದೊಡ್ಡ ಸ್ಪರ್ಧೆಯ ಎರಡನೇ ದಿನ ಟಿ.ವಿ. ಹಾಕಿದರೆ ಮಾತ್ರ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆ ಇಲ್ಲದಿದ್ದರೆ ತೊಳೆದದ್ದನ್ನೇ ತೊಳೆಯುತ್ತಿದ್ದಳು.

ನಾಲ್ಕು ವರ್ಷ ಕಳೆದ ಮೇಲೆ ಕೊಕ್ಕರೆ ಬಂದ. ಉದ್ದ ಕಾಲು, ಉದ್ದ ಕತ್ತು, ಸದಾ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಅಭ್ಯಾಸ. ರಿಂಕಿನವರು ಅರ್ಧ ಗಂಟೆಯಲ್ಲಿ ಆ ಹೆಸರಿಟ್ಟರು. ಬೇರೆ ಊರಿನ ಒಳ್ಳೆಯ ಐಸ್ ಡಾನ್ಸರ್, ಎರಡು ಸಲ ದೊಡ್ಡ ಸ್ಪರ್ಧೆಯಲ್ಲಿ ಆರನೆಯವನಾಗಿದ್ದವನು. ಅವನ ಜೊತೆಗಾತಿಗೆ ಮಗುವಾಗಿ ಆಕೆ ಐಸ್ ಬಿಟ್ಟಿದ್ದಳು. ಅವನಿಗೂ ಮೊಣಕಾಲು ಸವೆದಿತ್ತು. ಇದೊಂದು ವರ್ಷ, ಆಮೇಲೆ ಸಾಕು ಎಂದು ಬಂದಿದ್ದ. ತುಂಬ ಮರ್ಯಾದಸ್ಥ. ಐಸಿಗೆ ಇಳಿಯುವ ಮುಂಚೆ, "ಕೈ ಹಿಡೀಬಹುದಾ?" ಎಂದು ಕೇಳಿದ.

ಕೈ ಹಿಡಿದು ಒಂದು ಸುತ್ತು ಹೋಗುವಷ್ಟರಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ಅವನು ಎಡಕ್ಕೆ ಒಯ್ದರೆ ಅವಳು ಬಲಕ್ಕೆ ಒಯ್ದಳು. ಅವಳ ಕೈ ಅವನ ಭುಜದ ಮೇಲೆ ಇರಬೇಕಾದ್ದು, ತಾನಾಗಿಯೇ ಕೆಳಗಿಳಿದು ಅವನ ಬೆನ್ನಿಗೆ ಹೋಗಿ ಕೂತಿತು.

"ಒಂದು ಮಾತು ಕೇಳ್ಲಾ? ನಾನು ಡ್ರೈವರ್ರಾ, ಪ್ಯಾಸೆಂಜರ್ರಾ?" ಎಂದ ಕೊಕ್ಕರೆ.

"ತಪ್ಪಾಯ್ತು. ಅಭ್ಯಾಸ ಬಲ," ಎಂದಳು ಜೋಡಕ್ಕ. ಅವಳ ಕಿವಿ ಕೆಂಪಾಗಿತ್ತು.

"ಚೆನ್ನಾಗೇ ಓಡಿಸ್ತೀರಿ. ಆದ್ರೆ ತೀರ್ಪುಗಾರರು ನನ್ನನ್ನ ಗಂಡಸು ಅಂತ ಬರ್ಕೊಂಡಿರ್ತಾರೆ."

ಒಂದು ವಾರ ನೋಡೋಣ ಎಂದ. ಇನ್ನೊಂದು ರಿಂಕಿನಲ್ಲಿ ಇನ್ನೊಬ್ಬ ಹುಡುಗಿ ಅವನಿಗಾಗಿ ಕಾಯುತ್ತಿದ್ದಳು, ಅದನ್ನೂ ಮುಚ್ಚಿಡದೆ ಹೇಳಿದ. ಆ ವಾರ ಜೋಡಕ್ಕನಿಗೆ ಅನ್ನ ರುಚಿಸಲಿಲ್ಲ. ಕಾಲು ಹಿಂದಕ್ಕೆ ಹೋಗುವುದನ್ನು ಒಂದೆರಡು ದಿನದಲ್ಲಿ ನೆನಪು ಮಾಡಿಕೊಂಡಿತು. ಕೈ ಮಾತ್ರ ಮತ್ತೆ ಮತ್ತೆ ಅವನ ಬೆನ್ನಿಗೇ ಹೋಗುತ್ತಿತ್ತು, ಕೈ ಹೋದ ಕೂಡಲೇ ಮೈಯೂ ಯಜಮಾನಿಕೆಗೆ ಇಳಿಯುತ್ತಿತ್ತು. ಅಂಚಿನಲ್ಲಿ ನಿಂತು ನೋಡಿದ ಅಮ್ಮ ಕೊಕ್ಕರೆಯ ಅಭ್ಯಾಸದ ಅಂಗಿಯನ್ನು ಬಿಚ್ಚಿಸಿಕೊಂಡು ಹೋದಳು. ಮಾರನೇ ದಿನ ಅದರ ಭುಜದ ಮೇಲೆ ಅಂಗೈಯಗಲದ ಒಂದು ವೆಲ್ವೆಟ್ ತುಂಡು ಕೂತಿತ್ತು.

"ಕಣ್ಣು ಬೇಡ, ತಲೆ ಬೇಡ. ಮೆತ್ತಗೆ ಸಿಕ್ಕಿದ ಕಡೆ ಕೈ ಇಟ್ಕೊಂಡು ತೆಪ್ಪಗಿರು," ಎಂದಳು ಅಮ್ಮ.

ಕೈಗೆ ಜಾಗ ತಿಳಿಯಿತು. ವಾರದ ಕೊನೆಗೆ ಕೊಕ್ಕರೆ ಇನ್ನೊಂದು ರಿಂಕಿಗೆ ಬರುವುದಿಲ್ಲವೆಂದು ಫೋನ್ ಮಾಡಿದ.

ಕೋಚಮ್ಮ ಒಂದೇ ಒಂದು ಷರತ್ತು ಹಾಕಿದರು. ದೊಡ್ಡ ಸ್ಪರ್ಧೆ ಮುಗಿಯುವ ತನಕ ಜೋಡಕ್ಕ ಯಾರ ಜೊತೆಗೂ ಗಂಡಿನ ಹೆಜ್ಜೆ ಹಾಕಕೂಡದು. "ಕಾಲಿಗೆ ತಲೆಯಷ್ಟು ಬುದ್ಧಿ ಇಲ್ಲಮ್ಮ. ಕೊನೇಗೆ ಏನು ಮಾಡಿದ್ಯೋ ಅದನ್ನೇ ಮಾಡುತ್ತೆ." ಹುಡುಗಿಯರೆಲ್ಲ ಒಪ್ಪಿದರು. ಅವರಿಗೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಎಲ್ಲ ಇತ್ತು.

ಆ ವರ್ಷ ಪರೀಕ್ಷೆಯ ದಿನ ಸ್ಪರ್ಧೆಗೆ ಮೂರು ದಿನ ಮುಂಚೆ ಬಂತು. ಅದರ ಹಿಂದಿನ ಸಂಜೆ ಔಷಧಿ ಅಂಗಡಿಯ ಮೇಡಂ ಅಮ್ಮನ ಅಂಗಡಿಗೆ ಬಂದರು. ಹೊಲಿಸಲು ಏನೂ ತಂದಿರಲಿಲ್ಲ. ಎರಡು ಸಲ ಆ ಪರೀಕ್ಷೆಯಲ್ಲಿ ಫೇಲಾಗಿದ್ದ ಹೆಂಗಸು ಅವರು. ನಲವತ್ತು ದಾಟಿದ ಮೇಲೆ ಐಸಿಗೆ ಇಳಿದವರು. ಮುಂದಿನ ತಿಂಗಳು ಅವರ ಸೊಂಟದ ಕೀಲಿನ ಆಪರೇಷನ್, ಆಮೇಲೆ ಐಸ್ ಇಲ್ಲವೆಂದು ಡಾಕ್ಟರು ಹೇಳಿದ್ದರು. ಬೇರೆ ಊರಿನಿಂದ ಒಬ್ಬ ಗಂಡಸನ್ನು ಗೊತ್ತುಮಾಡಿಕೊಂಡಿದ್ದರು. ಅವನು ಅವತ್ತೇ ಬೆಳಿಗ್ಗೆ ಜ್ವರ ಬಂದು ಮಲಗಿದ್ದ.

"ನಾನು ಕೇಳೋಕೆ ಬಂದಿಲ್ಲ ಜೋಡಕ್ಕ," ಎಂದರು ಅವರು. "ಹೇಳ್ಕೊಂಡು ಹೋಗೋಣ ಅಂತ ಬಂದೆ. ಮನೇಲಿ ಹೇಳಿದ್ರೆ, ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಅಂತಾರೆ."

ಹೇಳಿ, ಕಣ್ಣೊರೆಸಿಕೊಂಡು, ಅಮ್ಮನ ಕೆಮ್ಮಿಗೆ ಯಾವ ಔಷಧಿ ಒಳ್ಳೆಯದೆಂದು ತಿಳಿಸಿ ಹೊರಟುಹೋದರು. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಜೋಡಕ್ಕ ನೇರವಾಗಿ ಕೊಕ್ಕರೆಯ ಬಳಿಗೆ ಹೋದಳು. ಅವನು ರಿಂಕಿನ ಬೆಂಚಿನ ಮೇಲೆ ಕುಳಿತು ಅಲಗು ಒರೆಸುತ್ತಿದ್ದ.

"ನಿಮ್ಮದೂ ಇದೇ ಕೊನೇ ಸಲ. ನೀವು ಬೇಡ ಅಂದ್ರೆ ಬೇಡ," ಎಂದಳು, ಎಲ್ಲ ಹೇಳಿದ ಮೇಲೆ.

ಅವನು ಅಲಗನ್ನು ಇನ್ನೂ ಸ್ವಲ್ಪ ಹೊತ್ತು ಒರೆಸಿದ. "ಒಂದೇ ಕುಣಿತ ತಾನೇ?"

"ಒಂದೇ. ಆದ್ರೆ ಅದು ನಮ್ಮ ಮೊದಲ ದಿನದ ಕುಣಿತವೇ."

"ಅಯ್ಯೋ," ಎಂದ ಕೊಕ್ಕರೆ. ಒರೆಸುವ ಬಟ್ಟೆಯನ್ನು ಮಡಿಸಿಟ್ಟು, "ಹೂಂ. ಹೋಗ್ಬನ್ನಿ. ಕೋಚಮ್ಮಂಗೆ ನೀವೇ ಹೇಳಿ, ನನಗೆ ಧೈರ್ಯ ಇಲ್ಲ," ಎಂದ.

ಕೋಚಮ್ಮ ಬೈದರು. ಬೈಗುಳ ಮುಗಿದ ಮೇಲೆ ಬಂದು ಅಂಚಿನಲ್ಲಿ ನಿಂತು ನೋಡಿದರು. ಔಷಧಿ ಅಂಗಡಿಯ ಮೇಡಂ ಅವತ್ತು ತಮ್ಮ ಜೀವಮಾನದಲ್ಲೇ ಚೆನ್ನಾಗಿ ಕುಣಿದರು. ಪರೀಕ್ಷಕರು ಪಾಸು ಎಂದಾಗ ಅವರು ಜೋಡಕ್ಕನನ್ನು ಬಿಟ್ಟು ಪಕ್ಕದಲ್ಲಿದ್ದ ಯಾರೋ ಅಪರಿಚಿತನನ್ನು ತಬ್ಬಿಕೊಂಡರು.

ದೊಡ್ಡ ಸ್ಪರ್ಧೆಯ ಮೊದಲ ದಿನ ಕುಣಿತದ ಎರಡು ಸುತ್ತು ನೀರು ಹರಿದಂತೆ ಹೋಯಿತು. ಜೋಡಕ್ಕನಿಗೆ ಹಾಯೆನಿಸಿತು, ಅಲ್ಲೇ ಎಡವಟ್ಟಾದದ್ದು. ಮೂರನೇ ಸುತ್ತಿನ ಮೂಲೆಯಲ್ಲಿ ಅವಳು ತಿರುಗಿ ಹಿಂದಕ್ಕೆ ಹೋಗಬೇಕು. ಕಾಲು ತಿರುಗಲಿಲ್ಲ. ಹೆದರಿದ ಯಾರನ್ನೋ ಮೂಲೆ ದಾಟಿಸುತ್ತಿರುವವಳಂತೆ ನೇರ ಮುಂದಕ್ಕೆ ಬಂತು. ಎದುರಿನಿಂದ ಕೊಕ್ಕರೆಯೂ ಮುಂದಕ್ಕೇ ಬರುತ್ತಿದ್ದ. ಮೊಣಕಾಲಿಗೆ ಮೊಣಕಾಲು ಬಡಿಯಲು ಒಂದು ಗೇಣು ಇರುವಾಗ ಅವನು ಗಕ್ಕನೆ ತಿರುಗಿ ಹಿಂದಕ್ಕೆ ಸರಿದ. ಮುಂದಿನ ಮೂಲೆಯ ತನಕ ಅವಳು ಗಂಡು, ಅವನು ಹೆಣ್ಣು. ಅಲ್ಲಿ ಮತ್ತೆ ಅದಲುಬದಲಾಗಿ ಕುಣಿತ ಮುಗಿಸಿದರು. ಜನ ಚಪ್ಪಾಳೆ ತಟ್ಟಿದರು, ಅವರಿಗೆ ಏನೂ ತಿಳಿದಿರಲಿಲ್ಲ. ತೀರ್ಪುಗಾರರು ತಲೆ ತಗ್ಗಿಸಿ ಬರೆಯುತ್ತಿದ್ದರು. ನಡುವಿನ ಸಾಲಿನಲ್ಲಿ ಔಷಧಿ ಅಂಗಡಿಯ ಮೇಡಂ ಮುಖ ಮುಚ್ಚಿಕೊಂಡು ಕುಳಿತಿದ್ದರು. ಆ ಮೂಲೆಯಲ್ಲಿ ಹಾಗೆ ಮುಂದಕ್ಕೆ ಬರುವ ಕಾಲು ಯಾರಿಗಾಗಿ ಕಲಿತದ್ದೆಂದು ಅವರಿಗೆ ಗೊತ್ತಿತ್ತು.

ಅಂಕ ಬಂದಾಗ ಅವರು ಎಂಟನೆಯವರು. ಇನ್ನೂ ಮೂರು ಜೋಡಿ ಕುಣಿಯಬೇಕಿತ್ತು.

ಒಳಕೋಣೆಯಲ್ಲಿ ಕೊಕ್ಕರೆ ಬೂಟಿನ ಲೇಸು ಬಿಚ್ಚುತ್ತ ಕುಳಿತ. ಜೋಡಕ್ಕ ಗೋಡೆಗೊರಗಿ ನಿಂತಳು.

"ಬೈದುಬಿಡಿ," ಎಂದಳು.

"ಹೂಂ ಅಂದವನು ನಾನೇ. ಬೈಯೋಕೆ ನನಗೆ ಹಕ್ಕಿಲ್ಲ," ಎಂದ ಅವನು. "ಹಕ್ಕಿಲ್ಲ ಅಂತಾನೇ ಇನ್ನೂ ಸಿಟ್ಟು ಬರ್ತಿದೆ. ನೀವು ಒಂದು ಹತ್ತು ನಿಮಿಷ ಆಚೆ ಹೋಗಿರ್ತೀರಾ?"

ಅವಳು ಆಚೆ ಹೋದಳು. ಓಣಿಯಲ್ಲಿ ಅಣ್ಣ ನಿಂತಿದ್ದ. ಕಂಪನಿಯ ನೀಲಿ ಅಂಗಿಯಲ್ಲೇ, ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಬಂದಿದ್ದ. "ಒಂಬತ್ತು ಆಯ್ತು," ಎಂದ. ಅಂದರೆ ಮೊದಲ ಜೋಡಿ ಇವರನ್ನು ಕೆಳಕ್ಕೆ ತಳ್ಳಿತ್ತು. ಇಬ್ಬರೂ ಪಕ್ಕಪಕ್ಕ ನಿಂತು ಒಳಗಿನ ಹಾಡು ಕೇಳಿದರು. ಚಪ್ಪಾಳೆ ಕೇಳಿದರು. ಅಣ್ಣ ಬಾಗಿಲ ಸಂದಿಯಲ್ಲಿ ಕತ್ತು ಹಾಕಿ ಬಂದು, "ಹತ್ತು," ಎಂದ. ಉಳಿದದ್ದು ಒಂದೇ ಜೋಡಿ.

"ನೋಡ್ತೀಯಾ?"

"ನೋಡಲ್ಲ. ಇನ್ನೊಬ್ರು ಬೀಳಲಿ ಅಂತ ಕಾಯ್ತಾ ನಿಂತ ಹಾಗಿರುತ್ತೆ."

"ನಾನು ಕಾಯ್ತೀನಿ. ನನಗೇನೂ ನಾಚಿಕೆ ಇಲ್ಲ," ಎಂದು ಅಣ್ಣ ಮತ್ತೆ ಸಂದಿಗೆ ಕಣ್ಣಿಟ್ಟ.

ಆ ಜೋಡಿ ಬೀಳಲಿಲ್ಲ. ಮೊದಲ ಸಲ ಬಂದಿದ್ದ ಚಿಕ್ಕವರು, ಹೆದರಿ ಮೊಣಕಾಲು ಸೆಟೆದು ಕುಣಿದರು. ಅಂಕ ಬಂದಾಗ ಕೂದಲೆಳೆಯಷ್ಟು ಹಿಂದಿದ್ದರು. ಹನ್ನೊಂದನೆಯವರು. ಅಣ್ಣ ಸ್ಕ್ರೂಡ್ರೈವರ್ ಎತ್ತಿ ಹಿಡಿದು ಓಣಿಯಲ್ಲಿ ಕುಣಿದ ಕುಣಿತಕ್ಕೆ ಯಾವ ತೀರ್ಪುಗಾರನೂ ಅಂಕ ಕೊಡುತ್ತಿರಲಿಲ್ಲ. ಆ ಚಿಕ್ಕ ಹುಡುಗಿ ಅಳುತ್ತ ಅವರ ಮುಂದೆಯೇ ಹಾದುಹೋದಳು. ಜೋಡಕ್ಕ ಅಣ್ಣನ ಕೈಯನ್ನು ಕೆಳಕ್ಕಿಳಿಸಿದಳು.

ಒಳಗೆ ಹೋದಾಗ ಕೊಕ್ಕರೆಯ ಹತ್ತು ನಿಮಿಷ ಮುಗಿದಿತ್ತು.

"ಹತ್ತನೆಯವರು," ಎಂದಳು.

"ಆರನೆಯವನಿಂದ ಹತ್ತನೆಯವನಾದೆ," ಎಂದು ಅವನು ಒಂದು ನಿಟ್ಟುಸಿರು ಬಿಟ್ಟ. "ಆ ಮೇಡಂ ಪಾಸಾದ್ರು ತಾನೇ?"

"ಆದ್ರು."

"ಹಾಗಾದ್ರೆ ಸರಿ. ನಾಳೆ ಬೇಗ ಬರಬೇಕು ನಾವು. ಕೊನೆಯವರನ್ನೇ ಮೊದಲು ಕಳಿಸ್ತಾರೆ."

ಅದು ಅವಳಿಗೆ ಗೊತ್ತಿರಲಿಲ್ಲ. ಎರಡನೇ ದಿನವನ್ನು ಅವಳು ಟಿ.ವಿ.ಯಲ್ಲೂ ಸರಿಯಾಗಿ ನೋಡಿದವಳಲ್ಲ. ಎರಡನೇ ದಿನ ಹತ್ತನೆಯವರು ಮೊದಲು, ಮೊದಲನೆಯವರು ಕೊನೆಗೆ. ಗೆಲ್ಲುವವರು ಬರುವ ಹೊತ್ತಿಗೆ ಐಸ್ ಮೇಲೆ ಅವರಿವರ ಅಲಗು ಗೀರಿ ಗೀರಿ ಬೆಳ್ಳನೆ ಪುಡಿ ಎದ್ದಿರುತ್ತದೆ.

ಮಾರನೇ ದಿನ ಅಮ್ಮ ಓಣಿಯಲ್ಲಿ ಮಂಡಿಯೂರಿ ಕುಳಿತು ಹೊಸ ಲಂಗದ ಅಂಚನ್ನು ಕೊನೆಯ ಸಲ ಎಳೆದು ನೋಡಿದಳು. ಈ ಸಲದ್ದು ಎಲೆಹಸಿರು. "ನೆಟ್ಟಗೆ ನಿಲ್ಲೇ. ಹಿಂದುಗಡೆ ಒಂದು ನೂಲು ಮೇಲಿದೆ."

"ಯಾರಿಗೂ ಕಾಣಲ್ಲಮ್ಮ."

"ನನಗೆ ಕಾಣುತ್ತೆ."

ಐಸ್ ಸಮ ಮಾಡುವ ಯಂತ್ರ ಆಗಷ್ಟೇ ಕೊನೆಯ ಸುತ್ತು ಹಾಕಿ ಹೊರಗೆ ಹೋಗಿತ್ತು. ಅದು ಬಿಟ್ಟುಹೋದ ನೀರು ಗಟ್ಟಿಯಾಗುವ ತನಕ ಕಾಯಬೇಕು ಎಂದು ಬಾಗಿಲು ಕಾಯುವವನು ಕೈ ಅಡ್ಡ ಹಿಡಿದಿದ್ದ. ಜೋಡಕ್ಕ ಅವನ ಕೈಯ ಮೇಲಿಂದ ನೋಡಿದಳು. ಆ ತುದಿಯಿಂದ ಈ ತುದಿಯ ತನಕ ಒಂದು ಗೀರೂ ಇರಲಿಲ್ಲ. ಚಾವಣಿಯ ದೀಪಗಳೆಲ್ಲ ತಲೆಕೆಳಗಾಗಿ ಅದರೊಳಗೆ ನಿಂತಿದ್ದವು. ಅವಳು ಎಂಟನೇ ವಯಸ್ಸಿನಿಂದ ಐಸ್ ಮೇಲೇ ಬೆಳೆದವಳು, ಆದರೆ ಅವಳ ಪಾಲಿಗೆ ಬಂದದ್ದೆಲ್ಲ ಬೇರೆಯವರು ಗೀಚಿ ಬಿಟ್ಟ ಐಸು.

"ಇಷ್ಟು ಚೆನ್ನಾಗಿರೋದನ್ನ ಹತ್ತನೆಯವರಿಗೆ ಯಾಕ್ರೀ ಕೊಡ್ತಾರೆ?" ಎಂದು ಪಿಸುಗುಟ್ಟಿದಳು.

"ಮೆಲ್ಲಗೆ ಮಾತಾಡಿ," ಎಂದ ಕೊಕ್ಕರೆ. "ಕೇಳಿಸ್ಕೊಂಡು ಕಿತ್ಕೊಂಡುಬಿಟ್ಟಾರು."

ಬಾಗಿಲಿನವನು ಕೈ ತೆಗೆದ. ಮೊದಲು ಅವಳ ಬಲಗಾಲು ಇಳಿಯಿತು. ಹಿಂದಿರುಗಿ ನೋಡಿದಳು, ಅಷ್ಟು ದೊಡ್ಡ ಐಸ್ ಮೇಲೆ ನೂಲಿನಂಥ ಒಂದೇ ಒಂದು ಗೆರೆ ಬಿದ್ದಿತ್ತು, ಅದು ಅವಳದು.